ನಾಯಿಗೂ ಒಂದು ರಿ

ಹುಕ್ಕೇರಿ ಪೇಟೆಗೆ ನಾನು ಈಗಲೂ ಸೈಕಲ್ ಮೇಲೆಯೇ ಹೋಗುತ್ತೇನೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮಗಳು ಫೋನಿನಲ್ಲಿ ಬೈಯುತ್ತಾಳೆ. ಬೈಸಿಕೊಂಡು ಮತ್ತೆ ಹೋಗುತ್ತೇನೆ. ಮೊನ್ನೆ ಕಾಯಿಪಲ್ಯ ತೆಗೆದುಕೊಂಡು ಮರಳುವಾಗ ಓಣಿಯೊಂದರಿಂದ ಕಂದು ಬಣ್ಣದ ನಾಯಿ ಬೊಗಳುತ್ತ ನುಗ್ಗಿ ಬಂತು. ನಾನು ಇಳಿದೆ. ಸೈಕಲ್ಲನ್ನು ಅದಕ್ಕೂ ನನಗೂ ನಡುವೆ ಅಡ್ಡ ಹಿಡಿದೆ. ಅದರ ಕಣ್ಣಿಗೆ ಕಣ್ಣು ಕೊಡದೆ ನೆಲ ನೋಡುತ್ತ, ಯಾಕ್ರಿ, ಏನಾತ್ರಿ, ನಾ ನನ್ನ ಪಾಡಿಗೆ ಹೊಂಟೇನ್ರಿ ಎಂದೆ. ಪಾನ್ ಅಂಗಡಿಯ ಮುಂದೆ ಮೊಬೈಲ್ ನೋಡುತ್ತ ನಿಂತಿದ್ದ ತರುಣನೊಬ್ಬ ಪಕ್ಕನೆ ನಕ್ಕುಬಿಟ್ಟ. ನಾಯಿ ನಗಲಿಲ್ಲ. ಸೈಕಲ್ಲಿನ ಗಾಲಿಯನ್ನು ಮೂಸಿ, ಇಂಥ ಗಿರಾಕಿಯ ಜೊತೆ ಏನು ಜಗಳ ಅನ್ನುವಂತೆ ತಿರುಗಿ ಹೋಯಿತು. ನಾಯಿಗೂ ರಿ ಅಂತೀರೇನ್ರಿ ಎಂದು ಆ ತರುಣ ಕೇಳಿದ. ಅಂತೀನ್ರಿ ಎಂದು ಹೇಳಿ ಹೊರಟೆ. ಚೀಲದಲ್ಲಿ ಹಾಲಿತ್ತು, ಬಿಸಿಲು ಏರುತ್ತಿತ್ತು, ಅವನಿಗೆ ನಮ್ಮ ಮನೆತನದ ಕತೆ ಹೇಳುತ್ತ ನಿಲ್ಲಲು ಪುರಸೊತ್ತಿರಲಿಲ್ಲ.

ನಮ್ಮ ಮನೆ ಇದ್ದದ್ದು ತುಕ್ಕಾನಟ್ಟಿಯ ಹೊರಗೆ, ಮೂಡಲಗಿಗೆ ಹೋಗುವ ದಾರಿಯಿಂದ ತುಸು ಒಳಗೆ, ಕಬ್ಬು ಗೋವಿನಜೋಳಗಳ ನಡುವಿನ ತೋಟದಲ್ಲಿ. ಬಾಗಿಲು ದಾಟಿದರೆ ಎಡಕ್ಕೆ ದನಗಳು, ಬಲಕ್ಕೆ ಕಟ್ಟೆ, ಕಟ್ಟೆ ಹತ್ತಿದರೆ ಪಡಸಾಲೆ. ನಾವು ಉಣ್ಣುವುದನ್ನು ಎಮ್ಮೆಗಳು ನೋಡುತ್ತಿದ್ದವು, ಅವು ಮೇಯುವುದನ್ನು ನಾವು ನೋಡುತ್ತಿದ್ದೆವು. ಒಳಗಿನ ಅಡುಗೆಮನೆ ಎಷ್ಟು ಕತ್ತಲೆಯೆಂದರೆ ಅವ್ವ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಅವರು ಎಲ್ಲಿ ಕೂತಿದ್ದಾರೆಂದು ತಿಳಿಯಬೇಕಿತ್ತು. ಬೆಳಗ್ಗೆ ಎಲ್ಲರ ಸ್ನಾನ, ಲಿಂಗಪೂಜೆ ಮುಗಿಯುವವರೆಗೆ ಮನೆಯಲ್ಲಿ ಮಾತಿಲ್ಲ. ವಿಭೂತಿ ಹಚ್ಚಿಕೊಂಡು ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಪಡಸಾಲೆಗೆ ಬಂದು ಕೂತ ಮೇಲೆಯೇ ಮಾತು ಶುರು. ಶುರುವಾದ ಮಾತು ಯಾರ ಜೊತೆಗಾದರೂ ಸರಿ, ಕೊನೆಯಲ್ಲಿ ರಿ ಇರಬೇಕು. ಅದು ಆಯಿಯ ಕಾನೂನು.

ದೊಡ್ಡವರಿಗೆ ರಿ ಅನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಮಕ್ಕಳಿಗೂ ರಿ, ಸೊಸೆಗೂ ರಿ, ಆಳಿಗೂ ರಿ, ಎತ್ತಿಗೂ ರಿ. ಮೋತಿ ಎಂಬ ನಾಯಿಗೆ ರೊಟ್ಟಿ ಹಾಕುವಾಗ, ತಿನ್ರಿ ಮೋತಿಯವರ, ಸಾವಕಾಶ ತಿನ್ರಿ. ಊರವರು ನಮ್ಮನ್ನು ರೀ ಮನಿಯವರು ಎಂದು ಕರೆದು ನಗುತ್ತಿದ್ದರು. ಈ ಕಾನೂನು ಎಲ್ಲಿಂದ ಬಂತೆಂದು ನಾನು ಒಮ್ಮೆ ಕೇಳಿದ್ದೆ. ಆಯಿಯ ತವರು ದಡ್ಡಿ ಎಂಬ ಊರು. ಅಲ್ಲಿ ಆಕೆಯನ್ನು ಕರೆಯಲು ಹೆಸರೂ ಬಳಸುತ್ತಿರಲಿಲ್ಲವಂತೆ, ಏ ಎಂದರೆ ಆಯಿತು. ಇನ್ನೂ ಹುಡುಗಿಯಾಗಿದ್ದಾಗಲೇ ಈ ಮನೆಗೆ ಸೊಸೆಯಾಗಿ ಬಂದ ದಿನ ಮಾವ ಕಟ್ಟೆಯ ಮೇಲಿಂದ, ಬರ್ರಿ, ಉಂಡ್ರೇನ್ರಿ ಎಂದು ಕೇಳಿದರು. ಆಕೆ ಹಿಂದೆ ತಿರುಗಿ ನೋಡಿದಳಂತೆ, ತನ್ನ ಬೆನ್ನ ಹಿಂದೆ ಯಾರೋ ಹಿರಿಯರು ನಿಂತಿರಬೇಕೆಂದು. ಯಾರೂ ಇರಲಿಲ್ಲ. ಅವತ್ತು ದನದ ಮನೆಯಲ್ಲಿ ಕೂತು ಹೊಟ್ಟೆ ತುಂಬ ಅತ್ತೆ ಎಂದು ಆಯಿ ನನಗೆ ನಗುತ್ತ ಹೇಳಿದ್ದರು. ಬರೆಯುವಾಗ ವ್ಯಾಕರಣಕ್ಕೆ ಹೆದರಿ ನಾನು ನಾಯಿಯನ್ನು ಬಂತು, ಹೋಯಿತು ಎಂದೇ ಬರೆಯುತ್ತಿದ್ದೇನೆ. ಆಯಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ನಮ್ಮ ಮನೆಯ ಜಗಳಗಳನ್ನು ಕೇಳಲು ಹೊಲದಲ್ಲಿ ಕೆಲಸ ಮಾಡುವವರು ಕೈ ನಿಲ್ಲಿಸುತ್ತಿದ್ದರು. ಕಾಕಾ, ಅಪ್ಪನ ತಮ್ಮ, ಮಹಾ ಮುಂಗೋಪಿ. ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಜೋತು ಹಾಕಿಕೊಂಡು ದಿನಾ ಮೂಡಲಗಿಗೆ ಹೋಗಿ ಬರುತ್ತಿದ್ದರು, ದಾರಿಯಲ್ಲಿ ಯಾರ ಜೊತೆಗಾದರೂ ಜಗಳ ತೆಗೆಯದೆ ಬಂದ ದಿನವಿಲ್ಲ. ಅಪ್ಪ ಮಿತಭಾಷಿ, ಆದರೆ ಹಟಮಾರಿ. ಇಬ್ಬರೂ ನೀರು ಹಾಯಿಸುವ ಪಾಳಿಯ ಸಲುವಾಗಿ ಎದುರು ಬದುರಾದರೆ ಕಾಕಾ, ನಿಮಗ ತಲಿ ಕೆಟ್ಟೈತೇನ್ರಿ ಅಣ್ಣಾರ ಎಂದು ಕೇಳುವರು. ನಿಮ್ಮಂಥ ಕತ್ತಿ ಈ ಸೀಮ್ಯಾಗ ಇಲ್ರಿ ಎಂದು ಅಪ್ಪ ಉತ್ತರ ಕೊಡುವರು. ಕತ್ತೆ ಎನ್ನುವವರೆಗೆ ಏರಿದ ದನಿ ರಿ ಬರುವಷ್ಟರಲ್ಲಿ ಇಳಿದುಬಿಡುತ್ತಿತ್ತು. ಆ ಒಂದು ಅಕ್ಷರವನ್ನು ಕಿರುಚಲು ಬರುವುದಿಲ್ಲ, ನೀವೂ ಬೇಕಾದರೆ ಪ್ರಯತ್ನಿಸಿ ನೋಡಿ. ಆದ್ದರಿಂದ ನಮ್ಮ ಮನೆಯಲ್ಲಿ ಜಗಳಗಳು ಬಹಳ ಆಗುತ್ತಿದ್ದವು, ದೊಡ್ಡವಾಗುತ್ತಿರಲಿಲ್ಲ.

ಹೈಸ್ಕೂಲಿಗೆಂದು ನನ್ನನ್ನು ಮೂಡಲಗಿಗೆ ಹಾಕಿದರು. ಬಸ್ಸು ಬರುತ್ತಿದ್ದದ್ದು ಶಾಲೆಯ ಪ್ರಾರ್ಥನೆ ಮುಗಿದ ಮೇಲೆ, ಹಾಗಾಗಿ ಅಪ್ಪ ಗೋಕಾಕಿನಿಂದ ಒಂದು ಹಳೆಯ ಸೈಕಲ್ ತಂದರು. ಬಾರಿನ ಸಂದಿಯಲ್ಲಿ ಕಾಲು ತೂರಿಸಿ ತುಳಿಯುವುದನ್ನು ಕಾಕಾ ಕಲಿಸಿದರು. ಸೀಟಿನ ಮೇಲೆ ಕೂರುವಷ್ಟು ಎತ್ತರವಾಗುವ ಹೊತ್ತಿಗೆ ನನಗೆ ಆ ರಸ್ತೆಯ ಗುಂಡಿಗಳೆಲ್ಲ ಬಾಯಿಪಾಠವಾಗಿದ್ದವು. ಹಿಂದಿನಿಂದ ಬಸ್ ಬಂದರೆ ಅದರ ಗಾಳಿ ಮೊದಲು ಹೊರಗೆ ತಳ್ಳುತ್ತದೆ, ಆಮೇಲೆ ಒಳಗೆ ಸೆಳೆಯುತ್ತದೆ, ಅದಕ್ಕೆ ಮೊದಲೇ ಅಂಚಿಗೆ ಸರಿಯಬೇಕು. ಕುರಿ ಹಿಂಡು ಬಂದರೆ ಇಳಿದು ನಿಂತುಬಿಡಬೇಕು, ಕುರಿಗಳೇ ದಾರಿ ಮಾಡಿಕೊಂಡು ಹೋಗುತ್ತವೆ. ಕಬ್ಬಿನ ಹೊಲದಿಂದ ಟ್ರ್ಯಾಕ್ಟರ್ ಏರಿ ಬಂದ ಕಡೆ ರಸ್ತೆಯ ಮೇಲೆ ಎರೆಮಣ್ಣು ಬಿದ್ದಿರುತ್ತದೆ, ಅದರ ಮೇಲೆ ಬ್ರೇಕ್ ಹಿಡಿದರೆ ನೆಲಕ್ಕೇ. ಇದೆಲ್ಲ ಬಂತು. ನನಗೆ ಕೈಕೊಟ್ಟದ್ದು ಶಾಲೆಯಲ್ಲಿ ಕಲಿತ ಹೊಸ ಭಾಷೆ. ಮೊದಲ ದಿನ ಬೆಂಚಿನ ಮೇಲೆ ಬಾಜೂ ಕೂತ ಹುಡುಗಿಗೆ, ತುಸು ಸರೀರಿ ಎಂದಿದ್ದೆ. ಇಡೀ ಕ್ಲಾಸು ನಕ್ಕಿತು. ಒಂದೇ ವಾರದಲ್ಲಿ ನಾನು ಲೇ ಅನ್ನುವುದನ್ನು ಕಲಿತೆ. ಎಷ್ಟು ರುಚಿಯಾದ ಮಾತು ಅದು. ತೋಟದ ದಾರಿ ಮುಗಿದು ಡಾಂಬರು ಸಿಕ್ಕೊಡನೆ ನಾನು ಲೇ ಮನೆತನದವಳು, ಸಂಜೆ ತೋಟದ ದಾರಿಗೆ ತಿರುಗಿದೊಡನೆ ಮತ್ತೆ ರೀ ಮನೆತನದವಳು.

ಆ ಸಲ ಕಬ್ಬು ಕಡಿಯುವ ಗ್ಯಾಂಗಿನವರು ಬಂದು ರಸ್ತೆ ಬದಿಯ ಖಾಲಿ ಹೊಲದಲ್ಲಿ ಗುಡಿಸಲು ಹಾಕಿದ್ದರು. ಮಹಾರಾಷ್ಟ್ರದ ಕಡೆಯವರು, ಎತ್ತಿನಗಾಡಿ, ಮಕ್ಕಳು, ಪಾತ್ರೆ, ಎಲ್ಲದರ ಜೊತೆಗೆ ಒಂದು ಕರಿಯ ನಾಯಿಯನ್ನೂ ಕರೆತಂದಿದ್ದರು. ಅದು ಗುಡಿಸಲಿನ ಹಿಂದೆ ಮರಿ ಹಾಕಿತ್ತು. ಒಂದು ಬೆಳಗ್ಗೆ ನಾನು ಜೋರಾಗಿ ಹೋಗುತ್ತಿದ್ದಾಗ ಅದು ಹೊರಗೆ ನುಗ್ಗಿ ನನ್ನ ಹಿಂದೆ ಬಿತ್ತು. ನಾನು ಹಚಾ ಲೇ, ಹಚಾ ಎಂದು ಗಂಟಲು ಹರಿಯುವಂತೆ ಕೂಗಿದೆ, ಇನ್ನಷ್ಟು ಜೋರಾಗಿ ತುಳಿದೆ, ಕಾಲು ಎತ್ತಿ ಒದೆಯಲು ಹೋದೆ. ಆ ಒಂದು ಒದೆತಕ್ಕೆ ಸೈಕಲ್ ರಸ್ತೆಯ ನಡುವಿಗೆ ತಿರುಗಿ ಉರುಳಿತು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಡ್ರೈವರ್ ಹೇಗೋ ಬದಿಗೆಳೆದುಕೊಂಡ. ಗಾಲಿ ನನ್ನ ಜಡೆಯ ಬಾಜೂಕಿನಿಂದ ಹೋಯಿತು. ಮಂಡಿ ಒಡೆದದ್ದು, ಲಂಗ ಹರಿದದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಡ್ರೈವರ್ ಒಳ್ಳೆಯ ಮನುಷ್ಯ, ನನ್ನನ್ನೂ ಸೈಕಲ್ಲನ್ನೂ ಮನೆಗೆ ತಂದು ಬಿಟ್ಟ. ಆದರೆ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತ, ಗಾಲಿಗೂ ತಲೆಗೂ ಎಷ್ಟು ಅಂತರವಿತ್ತೆಂದು ಅಪ್ಪನಿಗೆ ತನ್ನ ಅಂಗೈ ಅಗಲಿಸಿ ತೋರಿಸಿದ. ಅದೊಂದನ್ನು ತೋರಿಸದಿದ್ದರೆ ಚೆನ್ನಾಗಿತ್ತು.

ಅಪ್ಪ ಸೈಕಲ್ಲಿನ ಗಾಲಿ ಸರಿ ಮಾಡಿಸಿದರು, ತಂದು ದನದ ಮನೆಯಲ್ಲಿ ಮೇವಿನ ಹಿಂದೆ ನಿಲ್ಲಿಸಿದರು. ಊಟಕ್ಕೆ ಕೂತಾಗ, ಸಾಲಿ ಇಷ್ಟ ಸಾಕ್ರಿ ಎಂದು ನನ್ನ ಶಾಲೆ ಬಿಡಿಸಿದರು. ಝುಣಕದ ತಾಟಿನ ಮುಂದೆ ನಾನು ಕಣ್ಣೀರು ಸುರಿಸಿದೆ. ಕಾಕಾ ಆ ನಾಯಿಯನ್ನು ಬಡಿದು ಹಾಕಿ ಬರುವುದಾಗಿ ಎದ್ದರು, ಆಯಿ ಅವರನ್ನು ಕೂರಿಸಿದರು. ಅವ್ವ ಮರುದಿನ ಬೆಳಗ್ಗೆ ಎಂದಿನಂತೆ ನನ್ನ ಬುತ್ತಿ ಕಟ್ಟಿದರು. ಎರಡು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಬಿಳಿ ಬಟ್ಟೆಯ ಗಂಟು. ಅದನ್ನು ತಂದು ಅಪ್ಪ ಕೂರುವ ಕಂಬದ ಬಳಿ ಇಟ್ಟು ಒಳಗೆ ಹೋದರು. ಸಂಜೆ ಗಂಟು ಬಿಚ್ಚಿ ಆ ಒಣಗಿದ ರೊಟ್ಟಿಯನ್ನು ತಾವೇ ತಿಂದರು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಅಪ್ಪ ಆ ಗಂಟಿಗೆ ಬೆನ್ನು ಹಾಕಿ ಕೂರತೊಡಗಿದರು. ನಮ್ಮ ಮನೆಯಲ್ಲಿ ನಾನು ಕಂಡ ದೊಡ್ಡ ಜಗಳ ಅದೊಂದೇ, ಅದರಲ್ಲಿ ಒಂದು ಮಾತೂ ಇರಲಿಲ್ಲ.

ಕೊನೆಗೆ ಆಯಿಯೇ ಬಾಯಿ ಬಿಟ್ಟರು. ನಾಯಿಗೆ ಏನಂದ್ರಿ ಎಂದು ನನ್ನನ್ನು ಕೇಳಿದರು. ಲೇ ಅಂದೆ ಎಂದು ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಬದಲಿಗೆ ಅಪ್ಪನ ಕಡೆ ತಿರುಗಿ, ಈಕೆಗೆ ನಾಯಿಯ ಮುಂದೆ ನಿಲ್ಲುವುದನ್ನು ಕಲಿಸುತ್ತೇನೆ, ಆಮೇಲೆ ಶಾಲೆಯ ಮಾತು ಎಂದರು. ಅಪ್ಪನಿಗೆ ಸಿಟ್ಟು ಬಂತು. ಅದು ಮರಾಠಿ ನಾಯಿ, ನಿಮ್ಮ ರಿ ಅದಕ್ಕೆ ಎಲ್ಲಿಂದ ತಿಳಿಯಬೇಕು ಎಂದು ಕೇಳಿದರು. ಆಗ ಆಯಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ರಿ ಅನ್ನೂದು ನಾಯಿ ಸಲುವಾಗಿ ಅಲ್ರಿ, ನಮ್ಮ ಸಲುವಾಗಿ. ಲೇ ಅಂದ್ರ ಉಸುರು ಮ್ಯಾಲ ಏರತೈತಿ, ರಿ ಅಂದ್ರ ಕೆಳಗ ಇಳಿತೈತಿ. ಅದು ಮಾತು ಕೇಳೂದಿಲ್ಲ, ಉಸುರು ಕೇಳತೈತಿ. ಉಸುರಿಗೆ ಕನ್ನಡ ಯಾವುದ್ರಿ, ಮರಾಠಿ ಯಾವುದು."

ಅಪ್ಪ ಬುತ್ತಿಯ ಗಂಟಿನ ಕಡೆ ಒಮ್ಮೆ ನೋಡಿದರು. ಒಂದು ಸಲ ನೋಡೋಣ, ಮತ್ತೆ ಬಿದ್ದರೆ ಸೈಕಲ್ಲೂ ಇಲ್ಲ, ಶಾಲೆಯೂ ಇಲ್ಲ ಎಂದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತು, ಮತ್ತೆ ಶುರುವಾಯಿತು.

ಮರುದಿನದಿಂದ ಅಂಗಳದಲ್ಲಿ ತಾಲೀಮು. ಮೋತಿಗೆ ವಯಸ್ಸಾಗಿತ್ತು, ಬೊಗಳು ಎಂದರೆ ಬಾಲ ಅಲ್ಲಾಡಿಸುತ್ತಿತ್ತು. ಆದ್ದರಿಂದ ನಾಯಿಯ ಪಾತ್ರ ಕಾಕಾನಿಗೆ ಬಂತು. ಹಾಲು ಹಾಕಿ ಬಂದ ಕಾಕಾ ಧೋತರ ಎತ್ತಿ ಕಟ್ಟಿ, ಮೇವಿನ ಬಣವೆಯ ಹಿಂದೆ ಅಡಗಿ, ನಾನು ಸೈಕಲ್ ಮೇಲೆ ಬಂದೊಡನೆ ಬೊಗಳುತ್ತ ನುಗ್ಗುವರು. ಮೊದಲ ದಿನ ನಕ್ಕು ನಕ್ಕು ನಾನು ಸೈಕಲ್ ಸಮೇತ ಕೊಟ್ಟಿಗೆಗೆ ಹೋಗಿ ಬಿದ್ದೆ. ಆಯಿ ಕಟ್ಟೆಯ ಮೇಲೆ ಕೂತು ಒಂದೊಂದಾಗಿ ತಿದ್ದುತ್ತಿದ್ದರು. ದೂರದಿಂದಲೇ ನಿಧಾನ ಮಾಡಬೇಕು, ಓಡಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುವುದು ನಾಯಿಯ ಜಾಯಮಾನ. ಇಳಿಯಬೇಕು, ಇಳಿಯುವಾಗ ಹಿಂದೆ ಯಾವ ಗಾಡಿಯೂ ಇಲ್ಲವೆಂದು ನೋಡಬೇಕು, ಇಳಿಯುವುದು ರಸ್ತೆಯ ಅಂಚಿಗೆ. ಸೈಕಲ್ ನಡುವೆ. ಕಣ್ಣಲ್ಲಿ ಕಣ್ಣಿಡಬಾರದು, ಬೆನ್ನನ್ನೂ ತಿರುಗಿಸಬಾರದು. ಆಮೇಲೆ ಮಾತು. ಕಾಕಾ ಪಾತ್ರದಲ್ಲಿ ಎಷ್ಟು ಮುಳುಗಿದರೆಂದರೆ ಒಮ್ಮೆ ಖರೆಯೇ ಸಿಟ್ಟಿಗೆದ್ದು ಚಕ್ರದ ತಂತಿ ಹಿಡಿದು ಅಲುಗಿಸಿದರು. ಸಾಕ್ರಿ ಕಾಕಾರ, ನಾ ನಿಮ್ಮ ಮರೀಗೆ ಏನೂ ಮಾಡೂದಿಲ್ರಿ ಎಂದೆ, ಆಯಿ ಕಲಿಸಿದ ದನಿಯಲ್ಲಿ. ಕಾಕಾ ಹಾಗೆಯೇ ಕೈ ಬಿಟ್ಟು ಕೂತರು. ನನ್ನ ಜೀವಮಾನದಲ್ಲಿ ಯಾರೂ ನನಗೆ ಇಷ್ಟು ಸಮಾಧಾನದಿಂದ ಮಾತಾಡಿಲ್ಲ ನೋಡ್ರಿ ಎಂದು ಆಯಿಗೆ ಹೇಳಿದರು. ಅವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಪ್ಪ ಮಾತ್ರ ಇದನ್ನೆಲ್ಲ ದೂರದಿಂದ ನೋಡಿ ಹೊಲಕ್ಕೆ ಹೋಗುತ್ತಿದ್ದರು.

ಮತ್ತೆ ಶಾಲೆಗೆ ಹೊರಟ ದಿನ ಬೆಳಗ್ಗೆ ಪೂಜೆ ಮುಗಿದ ಮೇಲೆ ಆಯಿ ನನ್ನ ಹಣೆಗೆ ತಾವೇ ವಿಭೂತಿ ಹಚ್ಚಿದರು. ಅವ್ವ ಬುತ್ತಿಯನ್ನು ಕಂಬದ ಬಳಿ ಇಡದೆ ನನ್ನ ಕೈಗೇ ಕೊಟ್ಟರು. ಅಪ್ಪ ಎಲ್ಲೂ ಕಾಣಲಿಲ್ಲ, ನೀರು ಹಾಯಿಸಲು ಹೋಗಿರಬೇಕೆಂದುಕೊಂಡೆ. ಆಯಿ ತೋಟದ ದಾರಿಯ ಕೊನೆಯವರೆಗೆ ನಡೆದು ಬಂದು, ಇನ್ನ ಮುಂದ ನಿಮ್ಮ ರಸ್ತೆ ಎಂದು ಬದುವಿನ ಮೇಲೆ ಕೂತರು. ನಾನು ಸೈಕಲ್ ಹತ್ತಿದೆ. ನಾಯಿಗಿಂತ ಹೆಚ್ಚಾಗಿ ನನಗೆ ಹೆದರಿಕೆಯಿದ್ದದ್ದು, ನಾಳೆಯಿಂದ ಈ ಡಾಂಬರಿನ ಮೇಲೆ ಕಾಲಿಡಲು ಸಿಗುವುದೋ ಇಲ್ಲವೋ ಎಂಬುದಕ್ಕೆ. ಭೂಗೋಳದ ಟೀಚರು, ಬೆಂಚಿನ ಬಾಜೂಕಿನ ಹುಡುಗಿ, ಶಾಲೆಯ ನಲ್ಲಿಯ ಮುಂದಿನ ಗದ್ದಲ, ಎಲ್ಲವೂ ಆ ಗುಡಿಸಲಿನ ಆಚೆಗಿತ್ತು.

ನಾಯಿ ಹೊರಗೇ ಮಲಗಿತ್ತು. ನಾನು ದೂರದಿಂದ ನಿಧಾನ ಮಾಡಿದೆ, ಹಿಂದೆ ನೋಡಿದೆ, ಅಂಚಿಗೆ ಇಳಿದೆ. ಅದು ಎದ್ದು ಬೊಗಳುತ್ತ ಬಂತು. ಸೈಕಲ್ ಅಡ್ಡ ಹಿಡಿದು ಮಾತು ಶುರು ಮಾಡಿದೆ. ಯಾಕ್ರಿ, ಮರಿ ಅದಾವೇನ್ರಿ, ನಾ ಸಾಲಿಗೆ ಹೊಂಟೇನ್ರಿ, ನಿಮ್ಮ ತಂಟೆಗೆ ಬರೂದಿಲ್ರಿ. ಮೊದಲ ರಿಯ ದನಿ ಮೇಲೇ ಉಳಿಯಿತು, ಆಮೇಲಿನವು ಇಳಿದವು. ಒಂದೊಂದೇ ಹೆಜ್ಜೆ ಸರಿದೆ. ಬೊಗಳುವುದು ನಿಂತು ಗುರುಗುಟ್ಟುವುದಾಯಿತು, ಗುರುಗುಟ್ಟುವುದೂ ಸಣ್ಣದಾಯಿತು. ಇನ್ನೇನು ದಾಟಿದೆ ಅನ್ನುವಾಗ ಅದರ ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು. ತುಟಿ ಮೇಲಕ್ಕೆ ಹೋಗಿ ಹಲ್ಲು ಪೂರ್ತಿ ಕಂಡವು. ಅದು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲ ಆಚೆ ನೋಡುತ್ತಿತ್ತು.

ನಾನು ಮೆಲ್ಲಗೆ ಕುತ್ತಿಗೆ ತಿರುಗಿಸಿದೆ. ಕಬ್ಬಿನ ಹೊಲದಿಂದ ಹೊರಗೆ ಬಂದು ಅಪ್ಪ ನಿಂತಿದ್ದರು. ಬಡಿಗೆ ತಲೆಯ ಮೇಲೆ ಎತ್ತಿದ್ದರು. ಬೆಳಗಿನಿಂದ ಅಲ್ಲೇ ಕಬ್ಬಿನೊಳಗೆ ನನ್ನನ್ನು ಕಾಯುತ್ತ ಕೂತಿದ್ದರೆಂದು ಕಾಣುತ್ತದೆ, ಮೈಯೆಲ್ಲ ಎಲೆ ಗೀರಿದ ಗುರುತು, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಅಪ್ಪನ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ನಾಯಿ ಜಿಗಿದರೆ ಬಡಿಗೆ ಬೀಳುತ್ತದೆ, ಬಡಿಗೆ ಬಿದ್ದರೆ ನಾಯಿ ಜಿಗಿಯುತ್ತದೆ, ನಡುವೆ ನಾನು. ಇಬ್ಬರಲ್ಲಿ ಯಾರಿಗೆ ಮೊದಲು ಹೇಳಬೇಕೆಂದು ನನಗೆ ಕೂಡಲೇ ತಿಳಿಯಿತು.

"ಅಪ್ಪಾರ, ಬಡಿಗಿ ಕೆಳಗ ಇಡ್ರಿ."

ಅವರು ಅಲುಗಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೆ ಹೀಗೆ ಮಾಡ್ರಿ ಎಂದು ಹೇಳುವ ಹಕ್ಕು ಆಯಿಯೊಬ್ಬರದೇ. ಕಾಕಾ ತಲೆ ಕೆಟ್ಟಿದೆಯೇ ಎಂದು ಕೇಳುತ್ತಿದ್ದರು, ಅವ್ವ ಬುತ್ತಿ ಇಡುತ್ತಿದ್ದರು, ಹೇಳುವವರು ಯಾರೂ ಇರಲಿಲ್ಲ. ನಾನು ನಾಯಿಗೆ ಆಡಿದ ದನಿಯಲ್ಲೇ ಮತ್ತೆ ಹೇಳಿದೆ.

"ನೀವು ಹೆದರೀರಿ. ಅದಕ್ಕ ಅದೂ ಹೆದರೇತಿ. ನಾ ಇಲ್ಲೇ ನಿಂತೇನ್ರಿ, ಎಲ್ಲೂ ಓಡೂದಿಲ್ಲ. ಇಡ್ರಿ ಅಪ್ಪಾರ."

ಬಡಿಗೆ ಇಳಿಯಿತು. ಅಪ್ಪ ಬಗ್ಗಿ ಅದನ್ನು ನೆಲಕ್ಕೆ ಇಟ್ಟರು, ಎಸೆಯಲಿಲ್ಲ. ಬರಿಗೈ ಎರಡನ್ನೂ ಏನು ಮಾಡಬೇಕೆಂದು ತಿಳಿಯದವರಂತೆ ಮುಂದೆ ಜೋಡಿಸಿಕೊಂಡು ನಿಂತರು. ಗುಡಿಸಲಿನ ಹಿಂದೆ ಮರಿಯೊಂದು ಕುಂಯ್ ಎಂದಿತು. ನಾಯಿ ಆ ಕಡೆ ಕಿವಿ ತಿರುಗಿಸಿತು, ನಮ್ಮಿಬ್ಬರನ್ನೂ ಮತ್ತೊಮ್ಮೆ ನೋಡಿತು, ತಿರುಗಿ ಹೋಯಿತು.

ಟ್ರ್ಯಾಕ್ಟರ್ ಹತ್ತಿರ ಬಂತು. ನಾವಿಬ್ಬರೂ ಅಂಚಿಗೆ ಸರಿದು ನಿಂತೆವು. ಟ್ರ್ಯಾಲಿಯ ಹೊರಗೆ ಚಾಚಿದ ಕಬ್ಬಿನ ಗರಿಗಳು ನಮ್ಮ ಮುಖದ ಮುಂದಿನಿಂದ ಹಾದುಹೋದವು. ಅಪ್ಪನ ಕೈ ಆಗ ನನ್ನ ಸೈಕಲ್ಲಿನ ಕ್ಯಾರಿಯರನ್ನು ಹಿಡಿದಿತ್ತು, ಗಾಡಿ ದಾಟಿದ ಮೇಲೂ ಹಿಡಿದೇ ಇತ್ತು. ಆ ಡ್ರೈವರ್ ಅಂಗೈ ತೋರಿಸಿದ ದಿನದಿಂದ ಕಣ್ಣು ಮುಚ್ಚಿದರೆ ಗಾಲಿಯೇ ಕಾಣುತ್ತದೆ ಎಂದರು. ಅಪ್ಪ ತಮ್ಮ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ನನಗೆ ಅವರ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಗೆ ಹೇಳಬೇಕೆಂದು ಈಗಲೂ ಗೊತ್ತಿಲ್ಲ. ನನಗೂ ಕಾಣತೈತ್ರಿ ಎಂದಷ್ಟೇ ಅಂದೆ. ಅವರು ತಲೆಯಾಡಿಸಿ, ಸೀಟಿನ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸಿದರು.

"ಹೋಗ್ರಿ, ಹೊತ್ತಾಕ್ಕತಿ. ಸಂಜೀಕ ಒಬ್ಬರ ಬರ್ರಿ. ನಾ ಹಿಂದ ಬರೂದಿಲ್ಲ."

ಹೇಳಿ ಮುಗಿದ ಮೇಲೂ ಕ್ಯಾರಿಯರ್ ಮೇಲಿನ ಕೈ ತೆಗೆಯಲು ಅವರಿಗೆ ತುಸು ಹೊತ್ತು ಬೇಕಾಯಿತು. ಶಾಲೆಗೆ ತಡವಾಗುತ್ತಿತ್ತು. ಆದರೂ ನಾನು ಪೆಡಲ್ ಮೇಲೆ ಕಾಲಿಡದೆ ನಿಂತು, ಅವರು ತಾವಾಗಿಯೇ ಕೈ ಬಿಡುವವರೆಗೆ ಕಾದೆ.